ದೊಡ್ಡ ಪ್ರಿಂಟರಿಗೆ ನನ್ನ ಸಲಹೆ

‘ಗೊತ್ತಿಲ್ಲ’ ಎನ್ನುವ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. ಇದು ಮಾಸ್ತರಿಕೆಯ ರೋಗ. ಸೇಡಂನ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ ಮೇಲೆ, ಇಂಗ್ಲಿಷಿನಲ್ಲಿ ಅಚ್ಚಾದದ್ದೆಲ್ಲ ನನ್ನ ಸುಪರ್ದಿಗೆ ಸೇರಿದ್ದು ಎಂದು ಊರು ನಂಬಿತ್ತು. ಊರು ನಂಬಿದ್ದನ್ನು ನಾನೂ ನಂಬಿದ್ದೆ. ಡಾಕ್ಟರ ಚೀಟಿ, ರೈಲ್ವೆಯವರ ಕಾಗದ, ಮಿಕ್ಸರಿನ ಡಬ್ಬಿಯೊಳಗಿನ ಪುಸ್ತಿಕೆ, ಎಲ್ಲವೂ ನನ್ನ ಮನೆಗೇ ಬರುತ್ತಿದ್ದವು. ಒಮ್ಮೆ ಒಬ್ಬರಿಗೆ ಪಂಪ್‌ಸೆಟ್ಟಿನ ಪುಸ್ತಿಕೆ ಓದಿ ಹೇಳಿದೆ. ಆ ಪಂಪು ನೀರನ್ನು ಮೇಲೆತ್ತದೆ ಬಾವಿಯಲ್ಲೇ ಗುಡುಗುಡು ಎನ್ನುತ್ತ ಕುಳಿತಿತು. ಆಗಲೂ ನಾನು ಓದಿದ್ದು ಸರಿ, ಪಂಪೇ ತಪ್ಪು ಎಂದು ಸಾಧಿಸಿದೆ. ಹೀಗಿರುವಾಗ ಫೋಟೋಗ್ರಾಫರ್ ಮಹಿಬೂಬ ಸಾಬರು ಒಂದು ಸಂಜೆ ಬಗಲಲ್ಲಿ ಬಣ್ಣಬಣ್ಣದ ಕ್ಯಾಟಲಾಗುಗಳ ಕಟ್ಟು ಹಿಡಿದು ಬಂದು, "ಸರ, ದೊಡ್ಡ ಫೋಟೋ ತೆಗೆಯೋ ಪ್ರಿಂಟರ್ ತಗೋಬೇಕಂತ ಮಾಡೀನಿ. ಯಾವುದು ಛಲೋ ನೋಡಿ ಹೇಳ್ರಿ" ಎಂದಾಗ ನಾನು ಕನ್ನಡಕ ಒರೆಸಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಮಹಿಬೂಬ ಸಾಬರ ಸ್ಟುಡಿಯೋ ಬಸ್‌ಸ್ಟ್ಯಾಂಡಿನ ಹತ್ತಿರ. ಆಗ ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ರೀಲಿನ ಕಾಲ ಮುಗಿಯುತ್ತ ಬಂದು ಅವರ ಮೇಜಿನ ಮೇಲೂ ಕಂಪ್ಯೂಟರ್ ಕುಳಿತಿತ್ತು. ಆದರೆ ಗೋಡೆಗೆ ಹಾಕುವ ದೊಡ್ಡ ಫೋಟೋಗಳನ್ನು ಮಾತ್ರ ಗುಲ್ಬರ್ಗಾದ ಒಂದು ಲ್ಯಾಬಿಗೆ ಕಳಿಸಬೇಕಿತ್ತು. ಆ ಲ್ಯಾಬಿನವರಿಗೆ ಎಲ್ಲರನ್ನೂ ಬೆಳ್ಳಗೆ ಮಾಡುವ ಚಟ. ಮದುಮಕ್ಕಳ ಮಟ್ಟಿಗೆ ಅದು ನಡೆಯಿತು. ಅಷ್ಟರಲ್ಲಿ ಮಳಖೇಡದ ಕಡೆಯ ಒಬ್ಬ ಮುದುಕಿ, ತೀರಿಕೊಂಡ ಗಂಡನ ಫೋಟೋ ದೊಡ್ಡದು ಮಾಡಿಸಲು ಕೊಟ್ಟಳು. ಜೀವನವೆಲ್ಲ ಬಿಸಿಲಲ್ಲಿ ಕಲ್ಲು ಒಡೆದ ಮನುಷ್ಯ ಆತ. ಲ್ಯಾಬಿನಿಂದ ಬಂದ ಫೋಟೋವನ್ನು ಮುದುಕಿ ಬಹಳ ಹೊತ್ತು ನೋಡಿ, "ಇದ್ಯಾರನ್ನ ತಂದಿಟ್ಟೀಯೋ ಸಾಬಣ್ಣ? ನಮ್ಮವ ಕರ್ರಗಿದ್ದ. ಈ ಬ್ಯಾರೇ ಗಂಡಸಿನ್ನ ಗ್ವಾಡಿಗೆ ಹಾಕಿದ್ರ ನಾ ಮನ್ಯಾಗ ದಿನಾ ಸೆರಗ ಹೊತಗೊಂಡು ತಿರಗಬೇಕಾಗ್ತದ" ಎಂದು ಅಲ್ಲೇ ಬಿಟ್ಟು ಹೋದಳು. ಆ ದಿನ ಮಹಿಬೂಬ ಸಾಬರು ಮಧ್ಯಾಹ್ನ ಊಟ ಮಾಡಲಿಲ್ಲವಂತೆ. "ಮೂವತ್ತು ವರ್ಷ ಫೋಟೋ ತೆಗೆದು, ಹೆಂಡತಿಗೆ ಗಂಡನ ಗುರುತು ಸಿಗಲಾರದಂಗ ಮಾಡೀನಿ ಸರ. ಈ ಮೆಷಿನ್ ಆರಿಸೋದು ತಪ್ಪಿದ್ರ ಕ್ಯಾಮೆರಾ ಕೆಳಗಿಟ್ಟುಬಿಡ್ತೀನಿ" ಎಂದರು. ಅವರು ಸುಮ್ಮನೆ ಆಡುವ ಜನವಲ್ಲ. ನನಗೆ ಒಳಗೇ ಹೆದರಿಕೆಯಾಯಿತು.

ಹೆದರಿಕೆಯಾದಾಗ ನಾನು ದನಿ ಎತ್ತರಿಸಿ ಓದುತ್ತೇನೆ. ಆ ಕ್ಯಾಟಲಾಗುಗಳ ಇಂಗ್ಲಿಷ್ ನಾನು ಕಲಿಸುವ ಇಂಗ್ಲಿಷಿನ ನೆಂಟಸ್ತಿಕೆಯದಲ್ಲ. ಒಂದು ಪ್ರಿಂಟರಿನ ಶಾಯಿ ನೀರಲ್ಲಿ ಕರಗುವ ಜಾತಿಯದಂತೆ, ಇನ್ನೊಂದರದು ಪುಡಿಯ ಜಾತಿಯದಂತೆ. ಒಂದಕ್ಕೆ ಆರು ಬಣ್ಣ, ಇನ್ನೊಂದಕ್ಕೆ ಎಂಟು. ಹನಿಯ ಅಳತೆ ಪಿಕೋಲೀಟರ್. ಒಂದು ಹನಿಯನ್ನು ಕೋಟಿಗಟ್ಟಲೆ ಚೂರು ಮಾಡಿದರೆ ಅದರಲ್ಲಿ ಒಂದು ಚೂರು ಎಂದು ವಿವರಿಸಿದೆ. ಒಳಗಿನಿಂದ ನನ್ನ ಹೆಂಡತಿ ಸುಧಾ, "ಅಲ್ರಿ, ಅದನ್ನ ಎಣಿಸಿದವರು ಯಾರು?" ಎಂದಳು. ನಾನು ಪುಟ ತಿರುಗಿಸಿದೆ. ಎಂಟು ಬಣ್ಣಗಳಲ್ಲಿ ‘ಲೈಟ್ ಬ್ಲ್ಯಾಕ್’ ಎಂಬುದೊಂದಿತ್ತು. ಕಪ್ಪು ಎಂದರೆ ಕಪ್ಪು. ಬೆಳ್ಳನೆಯ ಕಪ್ಪು ಎಲ್ಲಿಂದ ಬಂತು? ಹುಡುಗರು ಹಾಗೆ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಇಂಥ ಶಬ್ದ ಬಳಸುವ ಕಂಪನಿಯನ್ನು ನಂಬಬಾರದು ಎಂದು ತೀರ್ಪು ಕೊಟ್ಟೆ. ಮಹಿಬೂಬ ಸಾಬರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಬರೇ ಓದಿದ್ರ ಆಗಾಂಗಿಲ್ರಿ. ನೀವು ನನ್ನ ಕೂಡ ಹೈದರಾಬಾದಿಗೆ ಬರಲೇಬೇಕು" ಎಂದರು.

ಹೊರಡುವ ಹಿಂದಿನ ದಿನ ಸ್ಟುಡಿಯೋಕ್ಕೆ ಕರೆದು ನನ್ನದೇ ಒಂದು ಫೋಟೋ ತೆಗೆದರು. ಅಂಗಡಿಯಲ್ಲಿ ಪ್ರಿಂಟ್ ಹಾಕಿ ನೋಡಲು ನಮೂನೆ ಬೇಕಲ್ಲ ಎಂದರು. ಇಷ್ಟು ದೊಡ್ಡ ಕೆಲಸಕ್ಕೆ ನನ್ನ ಮುಖ ಹೋಗುತ್ತದಲ್ಲ ಎಂದು ನಾನು ಪೌಡರು ಹಚ್ಚಿಕೊಂಡು ಹೋಗಿದ್ದೆ. ಅವರು ಹಸಿ ಕರವಸ್ತ್ರ ಕೊಟ್ಟು, "ಒರಸ್ಕೋರಿ ಸರ. ನಾಳೆ ಇದೇ ಬಿಳಿ ಅಂಗಿ ಹಾಕ್ಕೊಂಡು ಬರ್ರಿ" ಎಂದರು. ಏಕೆಂದು ಕೇಳಬಹುದಿತ್ತು. ಕೇಳಿದರೆ ಗೊತ್ತಿಲ್ಲವೆಂದು ಗೊತ್ತಾಗುತ್ತದಲ್ಲ!

ಬೆಳಗಿನ ರೈಲು ಹಿಡಿದೆವು. ತಾಂಡೂರು ದಾಟುವವರೆಗೂ ನಾನು ಪಿಕೋಲೀಟರಿನ ಬಗ್ಗೆ ಮಾತಾಡಿದೆ; ಅವರು ಕಿಟಕಿಯಿಂದ ತೊಗರಿ ಹೊಲ ನೋಡಿದರು. ಹೈದರಾಬಾದಿನ ಅಂಗಡಿಯ ಸೇಲ್ಸ್‌ಮ್ಯಾನ್ ಟೈ ಕಟ್ಟಿದ ಜಾಣ. ಈ ಯಂತ್ರಗಳಿರುವ ಕೋಣೆ ಯಾವಾಗಲೂ ಇಪ್ಪತ್ತೈದು ಡಿಗ್ರಿಯಲ್ಲೇ ಇರಬೇಕು, ಧೂಳು ಇರಕೂಡದು ಎಂದ. ಮಹಿಬೂಬ ಸಾಬರು ನನ್ನ ಕಿವಿಯಲ್ಲಿ, "ಸಿಮೆಂಟ್ ಫ್ಯಾಕ್ಟರಿ ನಮ್ಮ ಕಡೆ ಅವ ಅಂತ ಇವಗ ಹೇಳಬ್ಯಾಡ್ರಿ. ಮೆಷಿನ್ ಕೊಡಾಂಗಿಲ್ಲ" ಎಂದರು. ನಾನು ಉರುಹಾಕಿಕೊಂಡ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಕೇಳಿದೆ. ಅವನು ಅಪ್ಪಟ ಹಿಂದಿಯಲ್ಲಿ ಉತ್ತರಿಸಿದ. ಇಬ್ಬರಿಗೂ ಏನೂ ತಿಳಿಯದೆ ಪರಸ್ಪರ ಗೌರವ ಹೆಚ್ಚಿತು.

ಆಮೇಲೆ ಮೂರು ಪ್ರಿಂಟರುಗಳಿಂದ ನಾನು ಒಂದೊಂದಾಗಿ ಹೊರಬರತೊಡಗಿದೆ. ಯಂತ್ರದ ತಲೆ ಆಚೆಗೊಮ್ಮೆ ಈಚೆಗೊಮ್ಮೆ ಓಡಾಡುತ್ತ ಗೆರೆ ಗೆರೆಯಾಗಿ ಬರೆಯುತ್ತದೆ. ನನ್ನ ಹಣೆ ಮುಗಿಯುವುದಕ್ಕೇ ಒಂದು ಚಹಾ ಆಯಿತು. ಮೊದಲನೆಯದರಲ್ಲಿ ನಾನು ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನಂತೆ ಬೂದುಬಣ್ಣಕ್ಕೆ ತಿರುಗಿದ್ದೆ. ಎರಡನೆಯದರಲ್ಲಿ ತೊಳೆದ ತೊಗರಿಬೇಳೆಯಂತೆ ಹೊಳೆಯುತ್ತಿದ್ದೆ. ಮೂರನೆಯದು, ಅದೇ ಬೆಳ್ಳನೆಯ ಕಪ್ಪಿನ ಯಂತ್ರ. ಅದರಲ್ಲಿ ಯಾರೋ ಒಬ್ಬ ಕಪ್ಪನೆಯ, ಕಣ್ಣ ಕೆಳಗೆ ಸುಕ್ಕಿನ, ಸ್ವಲ್ಪ ಗಾಬರಿಯಾದ ಮನುಷ್ಯ ನನ್ನ ಅಂಗಿ ತೊಟ್ಟು ನಿಂತಿದ್ದ.

ಮಹಿಬೂಬ ಸಾಬರು ನನ್ನನ್ನು ಬಾಗಿಲ ಬೆಳಕಿಗೆ ಕರೆದೊಯ್ದು, ಒಂದೊಂದೇ ಪ್ರಿಂಟನ್ನು ನನ್ನ ಗಲ್ಲದ ಪಕ್ಕ ಹಿಡಿದರು. ನಾನು ಬಾಯಿ ತೆರೆದರೆ, "ಮಾತಾಡಬ್ಯಾಡ್ರಿ ಸರ, ಸುಮ್ನ ನಿಂದ್ರಿ" ಎಂದರು. ಸೇಲ್ಸ್‌ಮ್ಯಾನ್ ಒಳಗಿನಿಂದ ಇನ್ನಿಬ್ಬರನ್ನು ಕರೆತಂದ. ಎಲ್ಲರೂ ನನ್ನನ್ನು ನೋಡಿ ಕಾಗದ ನೋಡಿದರು, ಕಾಗದ ನೋಡಿ ನನ್ನನ್ನು ನೋಡಿದರು. ಕೊನೆಗೆ ಸಾಬರು, "ನಿಮಗ್ಯಾವುದು ಸರಿ ಅನಸ್ತದ?" ಎಂದು ಕೇಳಿದರು. ಅಂತೂ ಸಲಹೆಯ ಗಳಿಗೆ ಬಂತು. "ಎರಡನೇದೇ ನೋಡ್ರಿ. ಅನುಮಾನವೇ ಇಲ್ಲ. ಶಾಯಿಯ ಗುಣ ಭಾಳ ಛಲೋ ಅದ" ಎಂದೆ.

"ಹಂಗಂದ್ರ ಎರಡನೇದು ಬ್ಯಾಡ" ಎಂದರು ಅವರು. ನಾನು ಕಕ್ಕಾಬಿಕ್ಕಿಯಾದದ್ದು ಕಂಡು ಮೆಲ್ಲಗೆ ನಕ್ಕು, "ಸಿಟ್ಟಾಗಬ್ಯಾಡ್ರಿ ಸರ. ಇಂಗ್ಲಿಷ್ ಓದಿ ಹೇಳೋರು ಯಾರರೆ ಸಿಗ್ತಿದ್ರು. ನಿಮ್ಮ ಬಣ್ಣ ಹಿಡಿಯೋ ಮೆಷಿನ್ ಸಿಕ್ರ ನಮ್ಮ ಕಡೀ ಮಂದೀನ್ನೆಲ್ಲ ಹಿಡೀತದ. ಅದಕ್ಕೇ ನಿಮ್ಮನ್ನ ಕರಕೊಂಡ ಬಂದೆ" ಎಂದರು.

ವಾಪಸು ಬರುವಾಗ ನಾನು ಕಿಟಕಿಯಿಂದ ತೊಗರಿ ಹೊಲ ನೋಡಿದೆ.

ಮೂರನೆಯ ಯಂತ್ರ ಸೇಡಂಗೆ ಬಂತು. ಸ್ಟುಡಿಯೋದ ಬಾಗಿಲ ಚೌಕಟ್ಟು ಬಿಚ್ಚಿ ಒಳಗಿಟ್ಟರು. ಮೊದಲ ಫೋಟೋ ಆ ಕಲ್ಲು ಒಡೆಯುವವನದೇ. ಸಾಬರು ತಾವೇ ಮಳಖೇಡಕ್ಕೆ ಒಯ್ದರು. ಮುದುಕಿ ನೋಡಿ, "ಹಾಂ, ಬಂದ ನೋಡು" ಎಂದಷ್ಟೇ ಅಂದು, ಚಹಾಕ್ಕೆ ನೀರಿಟ್ಟಳಂತೆ. ಇದನ್ನು ಹೇಳಿ ಸಾಬರು ನನಗೂ ಒಂದು ಚಹಾ ತರಿಸಿದರು. ನನ್ನ ಅಭಿಮಾನಕ್ಕೆ ಆಗಿದ್ದ ಗಾಯ ಆಗ ಸ್ವಲ್ಪ ಮಾಯಿತು.

ಪೂರ್ತಿ ಮಾಯಲಿಲ್ಲ. ಏಕೆಂದರೆ ನನ್ನ ಮೂರನೆಯ ಪ್ರಿಂಟನ್ನು ಅವರು ನಮೂನೆಯೆಂದು ಸ್ಟುಡಿಯೋದ ಮುಂದಿನ ಗಾಜಿನಲ್ಲಿ ತೂಗುಹಾಕಿದ್ದಾರೆ. ಹೋಗಿಬರುವವರೆಲ್ಲ "ಸರ, ಥೇಟ್ ನಿಮ್ಮಂಗೇ ಅದ!" ಎನ್ನುತ್ತಾರೆ. ತೊಗರಿಬೇಳೆಯ ಬಣ್ಣದ್ದನ್ನು ನಾನು ಕೇಳಿ ತಂದು ಪಡಸಾಲೆಯಲ್ಲಿ ಹಾಕಿಸಿದ್ದೇನೆ. ಸುಧಾ ಅದನ್ನು ತೆಗೆಯಿರಿ ಎಂದಿಲ್ಲ. ಅದನ್ನು ದಿನಾ ನೋಡಿ ನೋಡಿ ಈಗೊಂದು ಹೊಸ ಗೊಂದಲ ಹುಟ್ಟಿದೆ. ಗಡ್ಡ ಮಾಡಿಕೊಳ್ಳಲು ನಿಂತಾಗಲೆಲ್ಲ ಬಚ್ಚಲಿನ ಕನ್ನಡಿ ಬಣ್ಣವನ್ನು ಸರಿಯಾಗಿ ತೋರಿಸುತ್ತಿಲ್ಲ ಅನಿಸುತ್ತದೆ. ಬೇರೆ ಕನ್ನಡಿ ನೋಡಬೇಕೆಂದಿದ್ದೇನೆ. ಈ ಸಲ ಯಾರ ಸಲಹೆಯನ್ನೂ ಕೇಳುವುದಿಲ್ಲ.