ಕೆಳಗಿಳಿದ ಹೊಗೆಗೂಡು

ನಡುಗೋಡೆ ಒಂದೇ ಇರುವ ಮನೆಗಳಲ್ಲಿ ಒಂದಕ್ಕೆ ಕೈ ಹಾಕಿದರೆ ಪಕ್ಕದ್ದೂ ಅಲುಗುತ್ತದೆ. ಇದು ಯಾರೂ ಹೇಳಿಕೊಡಬೇಕಾದ ಮಾತಲ್ಲ. ಗೊತ್ತಿದ್ದೂ ಸುತ್ತಿಗೆ ಎತ್ತುವವರು ನಾವು.

ಬೊಮ್ಮಕ್ಕ: ಜಂಪಣ್ಣಾ! ನಿನ್ನ ಮನೆ ಎಲ್ಲಿ ಹೋತೋ?

ಜಂಪಣ್ಣ: ಹಿಂದೆ ಐತೆ ಅಕ್ಕ. ಮುಂದೆ ಇರೋದು ಫ್ಲೆಕ್ಸು.

ಬೊಮ್ಮಕ್ಕ: ಫ್ಲೆಕ್ಸಾ?

ಜಂಪಣ್ಣ: ಮೂರಂತಸ್ತು, ಪೂರಾ ಗಾಜು. ದಾವಣಗೆರೆಲಿ ಹೊಡೆಸ್ದೆ. ಕೆಂಪು ಕಾರು ಅವರೇ ಪುಕ್ಕಟೆ ಹಾಕಿಕೊಟ್ರು.

ಜಗಳೂರಿನ ಆ ಹಳೇ ರಸ್ತೆಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತ ಆರು ಮನೆಗಳಿವೆ. ಹಿಂದೆ ಕೆರೆ ಕೆಲಸಕ್ಕೆ ಬಂದಿದ್ದ ಬಿಳಿ ಎಂಜಿನಿಯರನೊಬ್ಬ ಇಂಗ್ಲೆಂಡಿನ ತನ್ನೂರಿನ ಸಾಲುಮನೆಗಳನ್ನು ನೆನೆಸಿಕೊಂಡು ತನ್ನ ಮೇಸ್ತ್ರಿಗಳಿಗಾಗಿ ಕಟ್ಟಿಸಿದ್ದು. ಒಂದೇ ಥರದ ಕೆಂಪು ಇಟ್ಟಿಗೆ, ಒಂದೇ ಥರದ ಕಮಾನು ಬಾಗಿಲು, ಈ ತುದಿಯಿಂದ ಆ ತುದಿಗೆ ಒಂದೇ ಹೆಂಚಿನ ಮಾಡು, ಅದರ ಮೇಲೆ ಮನೆಗೊಂದು ಹೊಗೆಗೂಡು. ಯಾತಕ್ಕೆ? ಒಳಗೆ ಬೆಂಕಿ ಹಾಕಿ ಚಳಿ ಕಾಯಿಸಿಕೊಳ್ಳುವುದಕ್ಕೆ. ಬೆಂಕಿಯಂಥ ಬಿಸಿಲಿನ ಜಗಳೂರಿನಲ್ಲಿ!

ಈಗ ರಸ್ತೆ ಅಗಲ ಮಾಡುವವರು ಬಂದು ಆರೂ ಬಾಗಿಲಿಗೆ ಕೆಂಪು ಗುರುತು ಬಳಿದು ಹೋಗಿದ್ದರು. ಉಳಿಯುವ ದಾರಿ ಒಂದೇ, ಪಾರಂಪರಿಕ ಕಟ್ಟಡಗಳ ಪಟ್ಟಿ. ಆರೂ ಮನೆ ಕಟ್ಟಿದ ಹಾಗೇ ಇದ್ದರೆ ಸೇರಿಸುತ್ತೇವೆ, ಒಂದು ಬದಲಾಗಿದ್ದರೂ ಇಲ್ಲ ಎಂದಿತ್ತು ಇಲಾಖೆ. ಆರು ಮನೆಯ ಪರವಾಗಿ ಅರ್ಜಿ ಬರೆದವಳು ನಾಲ್ಕನೇ ಮನೆಯ ಬೊಮ್ಮಕ್ಕ. ಇವತ್ತು ಹನ್ನೊಂದಕ್ಕೆ ಅಧಿಕಾರಿ ಬರಬೇಕು. ಹತ್ತೂವರೆಗೆ ಹೊರಗೆ ಬಂದು ನೋಡಿದರೆ ಐದನೇ ಮನೆಯ ಜಾಗದಲ್ಲಿ ಗಾಜಿನ ಬಂಗಲೆ!

ಬೊಮ್ಮಕ್ಕ: ಆ ಮೇಡಂ ಹಳೇ ಮನೆ ನೋಡಾಕೆ ಬರ್ತಿರೋದು ಕಣೋ!

ಜಂಪಣ್ಣ: ನೋಡಾಕೆ ಬರ್ತಾರೆ ಅಂದ್ಮೇಲೆ ಇದ್ದಂಗೇ ನಿಲ್ಸಾಕಾಗ್ತದೇನ್ರಿ? ನಮ್ಮ ಮಗಳು ಯಶೋಧರಾನ ನೋಡಾಕೆ ಹೊನ್ನಾಳಿಯೋರು ಬಂದಾಗ ನಿಮ್ಮ ರೇಷ್ಮೆ ಸೀರೆ ಉಡ್ಸಿ, ನಿಮ್ಮ ಸರ ಹಾಕಿ ಕೂರ್ಸಿದ್ದು ಯಾರು? ನೀವೇ ಅಲ್ವಾ?

ಬೊಮ್ಮಕ್ಕ: ಅದು ಹುಡುಗಿ. ಇದು ಗೋಡೆ.

ಜಂಪಣ್ಣ: ಗೋಡೆಗೂ ಮರ್ಯಾದೆ ಐತೆ. ಗಾರೆ ಉದುರಿದ ಮುಖ ತೋರ್ಸಿದ್ರೆ ಯಾರು ಒಪ್ತಾರೆ?

ಬೊಮ್ಮಕ್ಕ: ಆ ಮುಖಾನೇ ಒಪ್ಪಾಕೆ ಬರ್ತಿರೋದು! ಎಷ್ಟು ಹಳೇದೋ ಅವರಿಗೆ ಅಷ್ಟು ಚಂದ.

ಜಂಪಣ್ಣ: ಹಂಗಿದ್ರೆ ನಮ್ಮವ್ವನ್ನ ಮುಂದೆ ಕೂರಿಸ್ಲಾ? ತೊಂಬತ್ತೆರಡು.

ಬೊಮ್ಮಕ್ಕ: ಈ ಕೈ ಮುಗ್ದಿರೋ ಫೋಟೋ ಯಾರ್ದೋ?

ಜಂಪಣ್ಣ: ನಂದೇ. ‘ಅಧಿಕಾರಿಗಳಿಗೆ ಹಾರ್ದಿಕ ಸ್ವಾಗತ.’ ನಿಮ್ದೂ ಹಾಕ್ಸೀನಿ, ನೋಡ್ರಿ, ಕಾರಿನ ಟೈರ್ ಪಕ್ಕ.

ಬೊಮ್ಮಕ್ಕ: ಅಯ್ಯಯ್ಯೋ, ರೇಷನ್ ಕಾರ್ಡಿನ ಫೋಟೋ! ಕಳ್ಳಿ ಕಂಡಂಗೆ ಕಾಣ್ತೀನಲ್ಲೋ!

ಬೊಮ್ಮಕ್ಕ ಒಳಗೆ ಹೋಗಿ ಕುಡುಗೋಲು ತಂದಳು. ಅವಳು ಹಗ್ಗ ಕೊಯ್ಯುತ್ತಾಳೆ, ಇವನು ಹಗ್ಗ ಹಿಡಿದು ಜಗ್ಗುತ್ತಾನೆ. ಮೂರಂತಸ್ತಿನ ಬಂಗಲೆ ಕಾರಿನ ಸಮೇತ ಇಬ್ಬರ ತಲೆಯ ಮೇಲೂ ಕುಸಿಯಿತು. ಸರಿಯಾಗಿ ಅದೇ ಹೊತ್ತಿಗೆ ಜೀಪು ನಿಂತು, ಇಲಾಖೆಯ ಚೈತ್ರಶ್ರೀ ಇಳಿದರು. ಅವರ ಮುಂದೆ ನಾಲ್ಕು ಕಾಲಿನ ಒಂದು ಫ್ಲೆಕ್ಸು ಓಲಾಡುತ್ತಿತ್ತು.

ಚೈತ್ರಶ್ರೀ: ಬೊಮ್ಮಕ್ಕ ಅನ್ನೋರು ಯಾರು?

ಬೊಮ್ಮಕ್ಕ (ಫ್ಲೆಕ್ಸಿನೊಳಗಿಂದ): ನಾನೇ ಮೇಡಂ. ಹೊರಗೆ ಬರಾಕತ್ತೀನಿ, ಬಾಗ್ಲು ಸಿಗ್ತಿಲ್ಲ.

ಬಂಗಲೆ ಬಿದ್ದ ಮೇಲೆ ಐದನೇ ಮನೆ ಕಾಣಿಸಿತು. ಇಟ್ಟಿಗೆ, ಕಮಾನು, ಬಾಗಿಲ ನೆತ್ತಿಯ ಮೇಲೆ ಬಿಳಿಯ ದೊರೆ ಕೆತ್ತಿಸಿದ ಅಂಕಿ, ಯಾವುದೂ ಮುಕ್ಕಾಗಿರಲಿಲ್ಲ.

ಚೈತ್ರಶ್ರೀ: ಇಷ್ಟು ದೊಡ್ಡ ಫ್ಲೆಕ್ಸಿಗೆ ಒಂದು ಮೊಳೆನೂ ಹೊಡೆದಿಲ್ವಲ್ರೀ!

ಜಂಪಣ್ಣ: ಬರೀ ಹಗ್ಗ ಮೇಡಂ. ಈ ಕಡೆ ಮೊಳೆ ಹೊಡೆದ್ರೆ ಆ ಕಡೆ ಅಕ್ಕನ ಗೋಡೆ ಗಾರೆ ಉದುರ್ತದೆ.

ಬೊಮ್ಮಕ್ಕನಿಗೆ ಯಾಕೋ ಆ ಮಾತು ಹಿತವಾಗಲಿಲ್ಲ.

ಬೊಮ್ಮಕ್ಕ: ಒಳಗೆ ಬರ್ರಿ ಮೇಡಂ. ಬಿಸಿಲು ಜಾಸ್ತಿ ಐತೆ. ಮೇಲೆಲ್ಲ ನೋಡಬ್ಯಾಡ್ರಿ, ಕಣ್ಣು ಕತ್ಲೆ ಬರ್ತದೆ. ಮಂಡಕ್ಕಿ ಮಾಡೀನಿ.

ಚೈತ್ರಶ್ರೀ (ತಲೆಯೆತ್ತಿ): ಒಂದು, ಎರಡು, ಮೂರು... ಐದೇ ಇವೆ. ನಾಲ್ಕನೇ ಮನೆ ಹೊಗೆಗೂಡು ಎಲ್ಲಿ? ‘ಆರೂ ಇದ್ದ ಹಾಗೇ ಇವೆ’ ಅಂತ ಅರ್ಜಿಯಲ್ಲಿ ಬರೆದಿದ್ದೀರಿ.

ಬೊಮ್ಮಕ್ಕ: ಐತೆ ಮೇಡಂ. ಸ್ವಲ್ಪ ಕೆಳಗಿಳಿದೈತೆ.

ಚೈತ್ರಶ್ರೀ: ಎಲ್ಲಿಗೆ?

ಪಾಪ, ಜಂಪಣ್ಣನ ಕಣ್ಣು ಬೊಮ್ಮಕ್ಕನ ಅಂಗಳದ ತುಳಸಿಕಟ್ಟೆಯ ಮೇಲೆ ಹೋಗಿ ಕೂತಿತು. ಅದೇ ಕೆಂಪು ಇಟ್ಟಿಗೆಯ ಕಟ್ಟೆ. ಮಾಡಿನ ಮೇಲೆ ಹೊಗೆಗೂಡಿದ್ದ ಜಾಗದಲ್ಲಿ ಎಂಟು ವರ್ಷದಿಂದ ಟೀವಿ ಛತ್ರಿ ಆಕಾಶ ನೋಡುತ್ತಿತ್ತು.

ಬೊಮ್ಮಕ್ಕ: ಧಾರಾವಾಹಿಗೆ ಅಡ್ಡ ಬರ್ತಿತ್ತು ಮೇಡಂ. ಸೊಸೆ ಬಾಯಿ ತೆಗೆಯೋ ಹೊತ್ತಿಗೇ ನಿಂತೋಗೋದು. ಒಂದು ಇಟ್ಟಿಗೇನೂ ಬಿಸಾಕಿಲ್ಲ, ಎಲ್ಲಾ ತುಳಸಮ್ಮಂಗೆ ಹಾಕೀನಿ. ದೇವ್ರ ಹೆಸರಲ್ಲಿ ಕಿತ್ತಿದ್ದು ತಪ್ಪಾಗ್ತದಾ?

ಚೈತ್ರಶ್ರೀ: ಹದಿನೈದು ದಿನ ಟೈಮು. ಅದೇ ಇಟ್ಟಿಗೆ, ಅದೇ ಜಾಗ. ಕಟ್ಟಿದರೆ ಆರೂ ಮನೆ ಪಟ್ಟಿಗೆ, ಇಲ್ಲದಿದ್ದರೆ ಆರೂ ರಸ್ತೆಗೆ.

ಜೀಪು ಹೋಯಿತು. ಜಂಪಣ್ಣ ತನ್ನ ಬಂಗಲೆಯನ್ನು ನಾಲ್ಕು ಮಡಿಕೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

ಬೊಮ್ಮಕ್ಕ: ಬೈಯೋದಿದ್ರೆ ಬೈದುಬಿಡೋ.

ಜಂಪಣ್ಣ: ಬೈಯಾಕೆ ಟೈಮೆಲ್ಲೈತೆ ಅಕ್ಕ. ಏಣಿ ಹಿಡಿಯಾಕೆ ಬರ್ತೀನಿ. ಅಲ್ಲಿಗಂಟ ಒಂದು ಹೊಗೆಗೂಡಿನ ಫ್ಲೆಕ್ಸ್ ಹೊಡೆಸ್ಲಾ? ಕಾರು ಬ್ಯಾಡ ಅಂತ ಹೇಳ್ತೀನಿ.

ತುಳಸಿ ಗಿಡ ಬಕೆಟ್ಟಿಗೆ ಬಂತು. ಬೊಮ್ಮಕ್ಕ ಸೆರಗು ಸಿಕ್ಕಿಸಿ, ಮೊದಲ ಇಟ್ಟಿಗೆ ಹೊತ್ತು ಏಣಿ ಹತ್ತಿದಳು.

ಇದನ್ನು ಓದಿ ನಗುತ್ತಿದ್ದೀರಲ್ಲ, ನೀವು! ಎದ್ದು ಹೊರಗೆ ಬನ್ನಿ. ಪಕ್ಕದ ಮನೆಯ ಕಡೆ ತಿರುಗಬೇಡಿ. ನಿಮ್ಮ ಮನೆಯ ಮಾಡು ನೋಡಿ, ನಿಮ್ಮ ಬೀದಿ ನೋಡಿ. ಕಿತ್ತು ತಂದದ್ದು ಏನಿದೆಯೋ, ಅದನ್ನು ಇದ್ದ ಜಾಗದಲ್ಲಿ ವಾಪಸ್ ಇಡಿ. ಅರ್ಜಿ ಆಮೇಲೆ ಬರೆಯಿರಿ.