ಫ್ರೀವೀಲ್ ಒಲ್ಲದ ಮೌಶಿ

ನಮ್ಮ ಮೌಶಿಗೆ ದೇವರ ಮೇಲೆ ನಂಬಿಕೆ ಇದೆಯೋ ಇಲ್ಲವೋ ನಾನು ಹೇಳಲಾರೆ. ಫ್ರೀವೀಲ್ ಮೇಲಂತೂ ಇಲ್ಲ!

ಫ್ರೀವೀಲ್ ಎಂದರೆ ಸೈಕಲ್ಲಿನ ಹಿಂದಿನ ಗಾಲಿಯಲ್ಲಿ ಟಿಕ್‌ಟಿಕ್ ಎನ್ನುವ ಆ ಸಣ್ಣ ಚಕ್ರ. ಅದರ ಪುಣ್ಯದಿಂದಲೇ ನಾವು ನೀವು ಇಳಿಜಾರಿನಲ್ಲಿ ಪೆಡಲ್ ತುಳಿಯುವುದನ್ನು ನಿಲ್ಲಿಸಿ, ಗಾಳಿಗೆ ಮುಖ ಒಡ್ಡಿ, ಹಾಡು ಗುನುಗುತ್ತ ಹೋಗುವುದು. ಮೌಶಿಯ ಸೈಕಲ್ಲಿನಲ್ಲಿ ಅದಿಲ್ಲ. ಹಿಂದಿನ ಹಲ್ಲಿನ ಚಕ್ರ ಗಾಲಿಗೇ ಬಿಗಿದು ಕೂತಿದೆ. ಗಾಲಿ ತಿರುಗಿದರೆ ಪೆಡಲ್ ತಿರುಗಲೇಬೇಕು, ಪೆಡಲ್ ತಿರುಗಿದರೆ ಕಾಲು ತಿರುಗಲೇಬೇಕು. ಇದಕ್ಕೆ ಫಿಕ್ಸಿ ಎನ್ನುತ್ತಾರೆ. ಖರಾಡಿಯ ನಮ್ಮ ಆಫೀಸಿನಲ್ಲಿ ಗಡ್ಡ ಬಿಟ್ಟ ಕೆಲವು ಹುಡುಗರು ಓಡಿಸುತ್ತಾರೆ. ಅವರನ್ನು ಬಿಟ್ಟರೆ ಪುಣೆಯಲ್ಲಿ ನಾನು ಕಂಡಿರುವುದು ಅರವತ್ತೆಂಟು ವರ್ಷದ ನಮ್ಮ ಮೌಶಿಯನ್ನೇ, ಓಢಣಿಯನ್ನು ಸೊಂಟಕ್ಕೆ ಬಿಗಿದುಕೊಂಡು!

"ಇಳಿಜಾರಿನ್ಯಾಗ ಆದ್ರೂ ಕಾಲಿಗೆ ಆರಾಮ ಬ್ಯಾಡೇನ ಮೌಶಿ?" ಎಂದು ಒಮ್ಮೆ ಕೇಳಿದ್ದೆ.

"ಮನ್ಯಾಗ ಕುರ್ಚಿ ಅದ. ಆರಾಮ ಬೇಕಾದ್ರ ಅಲ್ಲೇ ಕೂಡ್ತೀನಿ. ಅದಕ್ಕ ರೋಡಿಗೆ ಯಾಕ ಬರಬೇಕು?"

ಮೌಶಿ ಎಂದರೆ ನಮ್ಮ ಅವ್ವನ ತಂಗಿ. ಧಾರವಾಡದವಳು. ಪುಣೆಗೆ ಬಂದು ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತಳಾಗಿ, ಈಗ ಶಿವಾಜಿನಗರದ ಹಳೆಯ ಬಿಲ್ಡಿಂಗೊಂದರ ಮೊದಲ ಮಹಡಿಯಲ್ಲಿ ಒಬ್ಬಳೇ ಇದ್ದಾಳೆ. ಮದುವೆಯಾಗಲಿಲ್ಲ. ನೋಡಲು ಬಂದ ವರನ ಬೈತಲೆ ಸೊಟ್ಟಗಿತ್ತು, ಅದಕ್ಕೇ ಒಲ್ಲೆ ಎಂದಳು ಎಂಬುದು ನಮ್ಮ ಮನೆತನದ ಕಥೆ. ಸುಳ್ಳಿರಬಹುದು. ಆದರೆ ಮೌಶಿಯನ್ನು ಬಲ್ಲವರಾರೂ ಅದನ್ನು ಸುಳ್ಳು ಎಂದು ಹೇಳಿದ್ದನ್ನು ನಾನು ಕೇಳಿಲ್ಲ!

ಯಾಕೆಂದರೆ ಅವಳ ಕಣ್ಣಿಗೆ ಸೊಟ್ಟಗಿರುವುದು ಯಾವುದೂ ಆಗದು. ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಗೋಡೆಯ ಕ್ಯಾಲೆಂಡರ್ ನೆಟ್ಟಗೆ ಮಾಡುತ್ತಾಳೆ. ಆಮೇಲೆ ಟಿವಿ, ಆಮೇಲೆ ಸೋಫಾ, ಕೊನೆಗೆ ನಾನು. "ನೆಟ್ಟಗ ಕೂಡೋ. ಬೆನ್ನೇನು ಪ್ರಶ್ನಾರ್ಥಕ ಚಿಹ್ನೆ ಏನು?"

ನನ್ನ ಮದುವೆಯಲ್ಲಿ ನಡೆದದ್ದನ್ನಂತೂ ಬೀಗರು ಇನ್ನೂ ಮರೆತಿಲ್ಲ. ನಾನು ಈ ಕಡೆ, ಹುಡುಗಿ ಆ ಕಡೆ, ನಡುವೆ ಅಂತರಪಟ. ಮಂಗಲಾಷ್ಟಕ ಮುಗಿಯುತ್ತ ಬಂದಿದೆ, ಎಲ್ಲರ ಮುಷ್ಟಿಯಲ್ಲಿ ಅಕ್ಷತೆ. ಆಗ ಹಿಂದಿನಿಂದ ಕ್ಲಾಸ್ ರೂಮಿನ ದನಿ: "ನಿಂದರ್ರಿ! ಪರದೆ ಸೊಟ್ಟ ಹಿಡದೀರಿ!"

ಭಟ್ಟರು ಬೆವರಿದರು. "ಬಾಯಾರ, ಮುಹೂರ್ತ ಮೀರ್ತದ್ರಿ!"

"ಮೀರೂದಿಲ್ಲ. ಎಡಗಡೆ ಎರಡು ಬೊಟ್ಟು ಮ್ಯಾಲೆತ್ರಿ. ಹಾಂ, ಈಗ ಹೊಡೀರಿ ವಾದ್ಯಾ!"

ನನ್ನ ಹೆಂಡತಿ ಇಂದಿಗೂ ಹೇಳುವುದುಂಟು: "ಪರದೆ ಎತ್ತಿದಾಗನ ಕೆಳಗಿಂದ ನಿಮ್ಮ ಹೊಟ್ಟಿ ಕಂಡಿತ್ತು ನೋಡ್ರಿ. ಆದ್ರ ಅಷ್ಟರಾಗ ಅಕ್ಷತಿ ಬಿದ್ದಿದ್ವು."

ಆ ಹೊಟ್ಟೆ ಬೆಳೆಯುತ್ತ ಹೋಗಿ, ಡಾಕ್ಟರು ರಿಪೋರ್ಟನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡುವಂತಾದಾಗ ನಾನು ಸೈಕಲ್ ಹತ್ತಲು ನಿರ್ಧರಿಸಿದೆ. ಸುಮ್ಮನೆ ಸಾದಾ ಸೈಕಲ್ ಕೊಂಡಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆಫೀಸಿನ ಗಡ್ಡದ ಹುಡುಗರ ಮುಂದೆ ಮರ್ಯಾದೆ ಪ್ರಶ್ನೆ! ಮೌಶಿ ಓಡಿಸಬಲ್ಲಳಾದರೆ ನಾನು ಓಡಿಸಲಾರೆನೇ? ಹಳೆಯ ಫ್ರೇಮ್ ಒಂದನ್ನು ತಂದು, ನಾನೇ ಜೋಡಿಸುತ್ತೇನೆ ಎಂದು ಘೋಷಿಸಿಬಿಟ್ಟೆ. ಮನೆಯ ಬಲ್ಬ್ ಬದಲಿಸಲು ಸೊಸೈಟಿಯ ಎಲೆಕ್ಟ್ರಿಶಿಯನ್‌ನನ್ನು ಕರೆಯುವ ಮನುಷ್ಯ ನಾನು!

ಮೌಶಿ ಫೋನಿನಲ್ಲಿ ಪಾಠ ಶುರು ಮಾಡಿದಳು. ಪೆಡಲನ್ನು ಹಿಡಿದಿರುವ ತೋಳಿಗೆ ಕ್ರ್ಯಾಂಕ್ ಎನ್ನುತ್ತಾರಷ್ಟೆ. "ಕ್ರ್ಯಾಂಕ್ ಗಿಡ್ಡ ತಗೋ. ತಿರುವಿನ್ಯಾಗ ಗಾಡಿ ವಾಲ್ತದ, ನಿನ್ನ ಪೆಡಲ್ ನಿಂದ್ರೂದಿಲ್ಲ. ಉದ್ದ ಇದ್ರ ನೆಲಕ್ಕ ಬಡೀತದ. ತಿಳೀತ?"

"ತಿಳೀತು."

"ಇನ್ನ ಚೈನ್‌ಲೈನು. ಮುಂದಿನ ಹಲ್ಲಿನ ಚಕ್ರ, ಹಿಂದಿನ ಹಲ್ಲಿನ ಚಕ್ರ, ಎರಡೂ ಒಂದ ಸಾಲಿನ್ಯಾಗ ಇರಬೇಕು. ಪಂಕ್ತಿ ಊಟ ಇದ್ದಂಗ. ಒಬ್ಬ ಸಾಲು ಬಿಟ್ಟು ಕೂತ್ರ ಬಡಸಾಂವ ಸಾರು ಎಲ್ಲಿ ಚೆಲ್ತಾನ?"

"ತೊಡಿ ಮ್ಯಾಲೆ."

"ಶಾಣ್ಯಾ! ಚೈನೂ ಹಂಗ. ಸೊಟ್ಟ ಹೋದ್ರ ಮೊದಲು ಒದರ್ತದ, ಆಮ್ಯಾಲೆ ಕಳಚಿ ಬೀಳ್ತದ."

ನಾನು ಎಲ್ಲಕ್ಕೂ ಹೂಂಗುಟ್ಟುತ್ತ, ಅದೇ ಹೊತ್ತಿಗೆ ಲ್ಯಾಪ್‌ಟಾಪಿನಲ್ಲಿ ಬಂಗಾರದ ಬಣ್ಣದ ಅತ್ಯಂತ ಉದ್ದನೆಯ ಕ್ರ್ಯಾಂಕ್ ಆರ್ಡರ್ ಮಾಡಿದೆ. ಉದ್ದ ಇದ್ದಷ್ಟೂ ಜೋರು ಹೆಚ್ಚು ಎಂಬುದು ನನ್ನ ವಾದ. ಅಲ್ಲದೆ ನನ್ನ ಹೆಲ್ಮೆಟ್ಟಿಗೆ ಅದು ಚೆನ್ನಾಗಿ ಒಪ್ಪುತ್ತಿತ್ತು! ಕ್ರ್ಯಾಂಕ್ ಬಂತು, ಜೋಡಿಸಿದೆ. ಮುಂದಿನ ಹಲ್ಲಿನ ಚಕ್ರ ಫ್ರೇಮಿನಿಂದ ಬಲಕ್ಕೆ, ಜಗಳಾಡಿದ ನೆಂಟನಂತೆ, ಸ್ವಲ್ಪ ದೂರವೇ ನಿಂತಿತು. ದೂರದಿಂದ, ಒಂದು ಕಣ್ಣು ಮುಚ್ಚಿ ನೋಡಿದರೆ ನೆಟ್ಟಗೇ ಕಾಣುತ್ತಿತ್ತು. ಎರಡೂ ಕಣ್ಣು ಮುಚ್ಚಿದರೆ ಇನ್ನೂ ನೆಟ್ಟಗೆ.

ಮೊದಲ ಸವಾರಿಗೆ ಭಾನುವಾರ ಬೆಳಿಗ್ಗೆ ಮೌಶಿಯೂ ಬಂದಳು. ಖರಾಡಿಯಿಂದ ಹಡಪಸರದ ಕಡೆಗೆ ಹೊರಟೆವು. ನಾನು ಮುಂದೆ, ಅವಳು ಹಿಂದೆ. ನನ್ನ ಚೈನು ಕಡಲೆ ಹುರಿದಂತೆ ಸದ್ದು ಮಾಡುತ್ತಿತ್ತು.

"ಏನೋ ಅದು ಸಪ್ಪಳ?"

"ಹೊಸಾದಲ್ಲ ಮೌಶಿ, ಪಳಗಬೇಕು!"

"ಚೈನ್ ಪಳಗಬೇಕೋ ನೀ ಪಳಗಬೇಕೋ?"

ಉತ್ತರ ಹೇಳುವ ಮೊದಲೇ ಹಡಪಸರದ ತಿರುವು ಬಂತು. ಆಫೀಸಿನ ಹುಡುಗರಂತೆ ಠೀವಿಯಿಂದ ಸೈಕಲ್ ವಾಲಿಸಿದೆ. ಬಂಗಾರದ ಕ್ರ್ಯಾಂಕ್ ನೆಲಕ್ಕೆ ಬಡಿಯಿತು, ಚೈನು ಕಳಚಿತು, ಗಾಲಿ ಸಿಕ್ಕಿಕೊಂಡಿತು. ನಾನು ಮಾತ್ರ ಎಲ್ಲೂ ಸಿಕ್ಕಿಕೊಳ್ಳದೆ ನೇರವಾಗಿ ಹೋಗಿ ರಸ್ತೆ ಬದಿಯ ಮೆಂತ್ಯ ಸೊಪ್ಪಿನ ರಾಶಿಯಲ್ಲಿ ಇಳಿದೆ. ಅವತ್ತು ನಾನು ಮಾಡಿದ ಕೆಲಸಗಳಲ್ಲಿ ನೆಟ್ಟಗೆ ನಡೆದದ್ದು ಅದೊಂದೇ!

ಸೊಪ್ಪು ಮಾರುವ ಹೆಂಗಸು ಗಾಬರಿಯಿಂದ "ಕಾಕಾ, ಲಾಗ್ಲಂ ಕಾ?" ಎಂದಳು. ಪೆಟ್ಟಾಗಿಲ್ಲ ಎಂದೆ. ಕೂಡಲೇ ಅವಳ ದನಿ ಬದಲಾಯಿತು: "ಮಗ್ ಆತಾ ಸಗ್ಳೀ ಮೇಥೀ ಘ್ಯಾ!" ನಾನು ಮಲಗಿದ ಮೆಂತ್ಯವನ್ನು ಇನ್ಯಾರು ಕೊಳ್ಳುತ್ತಾರೆ? ಅಷ್ಟನ್ನೂ ಕೊಂಡೆ. ಮೌಶಿ ಬಂದು ನನ್ನ ಮೊಣಕೈ ನೋಡಿದಳೆಂದುಕೊಂಡಿರಾ? ಬಗ್ಗಿ ಕ್ರ್ಯಾಂಕ್ ನೋಡಿದಳು.

"ಹೇಳಿದ್ನೋ ಇಲ್ಲೋ? ದಡ್ಡ! ನಿನ್ನ ಡಿಗ್ರಿ ಯಾರು ಕೊಟ್ರೋ?"

ಆ ವಾರ ನಮ್ಮ ಮನೆಯಲ್ಲಿ ಮೆಂತ್ಯ ಪಲ್ಯ, ಮೆಂತ್ಯ ಪರಾಠಾ, ಮೆಂತ್ಯ ಕಡಬು. ಹೆಂಡತಿ ಬಡಿಸುವಾಗಲೆಲ್ಲ "ಚೈನ್‌ಲೈನ್ ಇನ್ನಷ್ಟು ಹಾಕ್ಲೇನ್ರಿ?" ಎನ್ನುತ್ತಿದ್ದಳು.

ಹೀಗೆ ಬೈಸಿಕೊಳ್ಳುತ್ತ ನಮ್ಮ ದಿನಗಳು ಸುಖವಾಗಿ ನಡೆದಿದ್ದವು. ಕಳೆದ ಮಳೆಗಾಲದಲ್ಲಿ ಮೌಶಿ ಬಿದ್ದಳು. ಸೈಕಲ್ಲಿನಿಂದಲ್ಲ; ಅವಳ ಬಿಲ್ಡಿಂಗಿನ ಒದ್ದೆ ಮೆಟ್ಟಿಲಿನ ಮೇಲೆ. ಬಲಗಾಲಿನ ಮೊಣಕಾಲ ಚಿಪ್ಪು ಒಡೆಯಿತು. ಆಪರೇಷನ್ ಆಯಿತು, ಎಲುಬು ಕೂಡಿತು, ಕೋಲು ಹಿಡಿದು ಓಡಾಡುವಂತಾದಳು. ಆದರೆ ಆ ಮೊಣಕಾಲು ಮೊದಲಿನಂತೆ ಪೂರ್ತಿ ಮಡಚಲಿಲ್ಲ.

"ಸೈಕಲ್?" ಎಂದು ನಾನು ಕೇಳಿದೆ.

"ಪೆಡಲ್ ಮ್ಯಾಲೆ ಬಂದಾಗ ಕಾಲು ಅಷ್ಟು ಮಡಚೂದಿಲ್ಲೋ. ನನ್ನ ಗಾಡಿ ಅರ್ಧಾ ಸುತ್ತಿಗೆ ನಿಂದ್ರೂದೂ ಇಲ್ಲ. ಮುಗೀತದು. ಯಾರಿಗರೆ ಕೊಟ್ಟುಬಿಡು." ಫ್ರೀವೀಲ್ ಹಾಕಿಸಿದರೆ ಹೇಗೆ ಎಂದು ಕೇಳುವಷ್ಟು ಧೈರ್ಯ ನನಗಿರಲಿಲ್ಲ.

ಚೇತರಿಸಿಕೊಳ್ಳಲೆಂದು ಅವಳನ್ನು ನಮ್ಮ ಮನೆಗೆ ಕರೆತಂದೆವು. ಬಾಗಿಲಲ್ಲಿ ಕ್ಯಾಲೆಂಡರ್ ಸೊಟ್ಟಗಿತ್ತು. ಮೌಶಿ ಅದರ ಮುಂದೆಯೇ ಹಾದು ಹೋಗಿ ಕುರ್ಚಿಯಲ್ಲಿ ಕೂತಳು. ನೋಡಿರಲಿಕ್ಕಿಲ್ಲ ಎಂದುಕೊಂಡೆವು. ಮರುದಿನ ನನ್ನ ಹೆಂಡತಿ ಬೇಕೆಂದೇ ಹಾಲಿನ ಫೋಟೋಗಳನ್ನೆಲ್ಲ ಒಂದೊಂದಾಗಿ ವಾಲಿಸಿಟ್ಟಳು. ನಮ್ಮ ಮದುವೆಯ ಫೋಟೋವಂತೂ ನಾವಿಬ್ಬರೂ ಜಾರಿ ಬೀಳುವ ಹಾಗೆ! ಮೌಶಿ ಅವುಗಳ ಎದುರಿಗೇ ಕೂತು ಚಹಾ ಕುಡಿದಳು, ಕಪ್ಪು ಕೆಳಗಿಟ್ಟಳು, ಕಿಟಕಿಯ ಆಚೆ ನೋಡಿದಳು. ನಾನು ಎದುರಿಗೆ ಬೆನ್ನು ಬಾಗಿಸಿ ಕೂತೆ. ಇನ್ನಷ್ಟು ಬಾಗಿಸಿದೆ. ಒಂದು ಮಾತಿಲ್ಲ.

ಅಡುಗೆಮನೆಯಲ್ಲಿ ಹೆಂಡತಿ ಮೆಲ್ಲಗೆ ಹೇಳಿದಳು: "ಏನೂ ಅನವಲ್ರಲ್ರೀ. ನನಗ ಹೆದರಿಕಿ ಆಗ್ತದ."

ನನಗೂ ಆಗಿತ್ತು. ಬೈಸಿಕೊಳ್ಳದೆ ಇರುವುದು ಇಷ್ಟು ಕಷ್ಟವೆಂದು ಯಾರಿಗೆ ಗೊತ್ತಿತ್ತು? ಮೌಶಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಮೇಡಂ ಅವರನ್ನು ಲಿಫ್ಟಿನ ಬಳಿ ಹಿಡಿದು, ಮೌಶಿ ಇನ್ನು ಸೈಕಲ್ ತುಳಿಯಬಹುದೇ ಎಂದು ಕೇಳಿದೆ. ಆಕೆ ಕೈಯಲ್ಲೇ ಕೋನ ಮಾಡಿ ತೋರಿಸಿದರು. ಮೊಣಕಾಲು ಇಲ್ಲಿಯವರೆಗೆ ಮಡಚಿದರೆ ತೊಂದರೆಯಿಲ್ಲ, ಇದಕ್ಕಿಂತ ಹೆಚ್ಚು ಬೇಡ. ಆ ಮಿತಿಯೊಳಗೆ ಸೈಕಲ್ ತುಳಿದರೆ ಒಳ್ಳೆಯದೇ. ನಾನು ಆ ಕೋನವನ್ನೇ ನೋಡುತ್ತ ನಿಂತೆ. ಕ್ರ್ಯಾಂಕ್ ಉದ್ದವಿದ್ದರೆ ಪೆಡಲ್ ಮೇಲೆ ಬಂದಾಗ ಮೊಣಕಾಲು ಹೆಚ್ಚು ಮಡಚಬೇಕು. ಗಿಡ್ಡವಿದ್ದರೆ ಕಡಿಮೆ. ಹಾಗಾದರೆ ತೀರಾ ಗಿಡ್ಡವಿದ್ದರೆ? ನನ್ನ ತಲೆಯಲ್ಲಿ ಸ್ವಂತದ್ದೊಂದು ವಿಚಾರ ಬಂದಿತ್ತು. ಹೊಸ ಅನುಭವವಾದ್ದರಿಂದ ಲಿಫ್ಟ್ ಬಂದು ಹೋದದ್ದೂ ಗೊತ್ತಾಗಲಿಲ್ಲ!

ಅಷ್ಟು ಗಿಡ್ಡ ಕ್ರ್ಯಾಂಕ್ ಇರುವುದು ಮಕ್ಕಳ ಸೈಕಲ್ಲಿಗೆ. ಪೇಟೆಯ ಸೈಕಲ್ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವರು ಪ್ರೀತಿಯಿಂದ ವಿಚಾರಿಸಿದರು: "ಬಾಳ್ ಕಿತೀ ವರ್ಷಾಂಚಂ?"

ಮಗುವಿಗೆ ಎಷ್ಟು ವರ್ಷ! ಯೋಚಿಸದೆ ಹೇಳಿಬಿಟ್ಟೆ: "ಅಡುಸಷ್ಟ."

ಅರವತ್ತೆಂಟು ವರ್ಷದ ಮಗುವಿಗೆ ಯಾವ ಬಣ್ಣ ಬೇಕೆಂದು ಅವರು ಕೇಳಲಿಲ್ಲ. ಇದ್ದದ್ದೂ ಒಂದೇ ಬಣ್ಣ, ಗುಲಾಬಿ.

ಮೌಶಿಯ ಸೈಕಲ್ಲನ್ನು ತಂದು ಬಾಲ್ಕನಿಯಲ್ಲಿ ಮಲಗಿಸಿದೆ. ಗುಲಾಬಿ ಕ್ರ್ಯಾಂಕ್ ಹಾಕಿದೆ. ಅದರ ಹಲ್ಲಿನ ಚಕ್ರ ಒಳಕ್ಕೆ ಸರಿದು ಕೂತಿತು. ಎರಡೂ ಕ್ರ್ಯಾಂಕ್‌ಗಳನ್ನು ಕೂಡಿಸುವ ಆಕ್ಸಲ್ ಉದ್ದದ್ದು ತಂದು ಹಾಕಿದರೆ ಹೊರಕ್ಕೆ ಹೋಯಿತು. ಮತ್ತೆ ಅಂಗಡಿಗೆ ಓಡಿ ನಡುವಿನ ಅಳತೆಯದನ್ನು ತಂದೆ. ಹೆಂಡತಿ ಹೂ ಕಟ್ಟುವ ದಾರವನ್ನು ಹಿಂದಿನ ಹಲ್ಲಿನ ಚಕ್ರದಿಂದ ಮುಂದಿನದಕ್ಕೆ ಎಳೆದು ಹಿಡಿದಳು. ನಾನು ಎರಡೂ ಕಣ್ಣು ತೆರೆದು ನೋಡಿದೆ. ಚೈನಿನ ಕೊಂಡಿ ಕಳಚಿ ಗಿಡ್ಡ ಮಾಡಿದೆ, ಸೀಟು ಎತ್ತರಿಸಿದೆ. ಮೌಶಿ ಒಳಗೆ ನಮಗೆ ಬೆನ್ನು ಮಾಡಿ ಕೂತಿದ್ದಳು. ಸುತ್ತಿಗೆ ನನ್ನ ಹೆಬ್ಬೆರಳಿಗೆ ಬಿದ್ದು ನಾನು ಕೂಗಿಕೊಂಡಾಗಲೂ ತಿರುಗಿ ನೋಡಲಿಲ್ಲ.

ಸಂಜೆ ಸೈಕಲ್ಲನ್ನು ಸೊಸೈಟಿಯ ಅಂಗಳಕ್ಕೆ ಇಳಿಸಿ, ಮೌಶಿಯನ್ನೂ ಹೇಗೋ ಇಳಿಸಿದೆವು. ಗುಲಾಬಿ ಕ್ರ್ಯಾಂಕನ್ನು ಅವಳು ಬಹಳ ಹೊತ್ತು ನೋಡಿದಳು.

"ಬ್ಯಾಡೋ. ಕಾಲು ಅಡ್ಡ ಸಿಕ್ಕೊಂಡ್ರ?"

ಮೌಶಿಯ ಬಾಯಲ್ಲಿ ಹೆದರಿಕೆಯ ಮಾತು ನಾನು ಕೇಳಿದ್ದು ಅದೇ ಮೊದಲು.

"ನಾ ಹಿಡಕೊಂಡಿರ್ತೀನಿ. ಬಿಡು ಅಂದಾಗ ಬಿಡ್ತೀನಿ."

ಕೋಲನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಹತ್ತಿದಳು. ನಾನು ಸೀಟು ಹಿಡಿದು ನಿಧಾನವಾಗಿ ತಳ್ಳಿದೆ. ಎಡಗಾಲು ಇಳಿಯಿತು, ಬಲಗಾಲು ಏರತೊಡಗಿತು. ಅವಳ ಬೆನ್ನು ಬಿಗಿಯಿತು. ಮೊಣಕಾಲು ಮೇಲೆ ಬಂತು, ಇನ್ನೂ ಸ್ವಲ್ಪ ಬಂತು, ದಾಟಿತು. ಮತ್ತೆ ಬಂತು, ಮತ್ತೆ ದಾಟಿತು.

"ಬಿಡು," ಎಂದಳು.

ಬಿಟ್ಟೆ. ಮೌಶಿ ಪಾರ್ಕಿಂಗ್ ದಾಟಿ, ಮಕ್ಕಳ ಜೋಕಾಲಿ ದಾಟಿ, ಬಿಲ್ಡಿಂಗಿನ ಹಿಂದೆ ಮರೆಯಾದಳು. ನಾವಿಬ್ಬರೂ ಕಾಯುತ್ತ ನಿಂತೆವು. ಆ ಕಡೆಯ ಮೂಲೆಯಿಂದ ಓಢಣಿ ಹಾರಿಸುತ್ತ ಹೊರಬಂದವಳು ನಮ್ಮ ಮುಂದೆ ನಿಲ್ಲದೆ, ಚೈನಿನ ಕಡೆ ಬಗ್ಗಿ ನೋಡುತ್ತ, ಇಡೀ ಸೊಸೈಟಿಗೆ ಕೇಳುವಂತೆ ಕೂಗಿದಳು: "ಕತ್ತೀ! ಮುಂದಿನ ಹಲ್ಲಿನ ಚಕ್ರ ಒಂದು ಕೂದಲೆಳಿಯಷ್ಟು ಒಳಗ ಕೂತದ ನೋಡಿದು! ಕಣ್ಣು ಎಲ್ಲಿ ಇಟ್ಟಿದ್ದ್ಯೋ, ದಡ್ಡ ಸೂಳೀಮಗನ!"

ಬಾಲ್ಕನಿಗಳಲ್ಲಿ ಜನ ಇಣುಕಿದರು. ನನ್ನ ಕೈಕೆಳಗಿನ ಗಡ್ಡದ ಹುಡುಗನೊಬ್ಬನೂ ಅವರಲ್ಲಿದ್ದ. ಮೌಶಿ ಎರಡನೆಯ ಸುತ್ತಿಗೆ ಹೊರಟುಹೋದಳು.

ಹೆಂಡತಿ ಕೋಲನ್ನು ಎದೆಗವಚಿಕೊಂಡು, ಇನ್ನೊಂದು ಕೈಯಿಂದ ಗ್ರೀಸು ಹತ್ತಿದ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ಅವಳ ಕಣ್ಣುಗಳು ತುಂಬಿದ್ದವು.

"ಬೈದರ್ರೀ," ಎಂದಳು. "ಮೌಶಿ ಬೈದರು!"