ಹೊಲಿಗೆ ಮಿಷನ್ನಿನೊಳಗಿನ ಮೃತ ದರ್ಜಿಯಿಂದ ಮಾಂತ್ರಿಕ ಪತ್ತೇದಾರ ದಂಪತಿಗೆ

ಮಾನ್ಯರೇ,

ಈ ಸಂಬೋಧನೆಯನ್ನು ಗಂಡನೂ ಹೆಂಡತಿಯೂ ದಯವಿಟ್ಟು ಸರಿಯಾಗಿ ಅರ್ಧರ್ಧ ಹಂಚಿಕೊಳ್ಳಬೇಕಾಗಿ ವಿನಂತಿ. ಯಾರನ್ನು ಮೊದಲು ಕರೆದರೂ ಇನ್ನೊಬ್ಬರು ಮುಂದಕ್ಕೆ ಓದುವುದಿಲ್ಲ ಎಂಬುದು ಕಳೆದ ಹತ್ತೊಂಬತ್ತು ದಿನಗಳಲ್ಲಿ ನನಗೆ ಚೆನ್ನಾಗಿ ಮನದಟ್ಟಾಗಿದೆ. ನಾನು ಮೂಲೆಯಂಗಡಿಯ ದರ್ಜಿ, ತಮ್ಮ ಕಡತದ ಪ್ರಕಾರ ದಿವಂಗತ. ಮಾಂತ್ರಿಕ ಪತ್ತೇದಾರಿಕೆಯಲ್ಲಿ ಊರಿಗೇ ಹೆಸರಾದ ತಮ್ಮ ಕೈಗೆ ನನ್ನ ಕೊಲೆಯ ತನಿಖೆ ಸಿಕ್ಕಾಗ, ಸತ್ತರೂ ಅದೃಷ್ಟವಂತನಪ್ಪಾ ನಾನು ಎಂದುಕೊಂಡಿದ್ದೆ. ತಾವು ಜೋಡಿಯಾಗಿ ಮಂತ್ರ ಹೇಳಿ ನನ್ನ ಆತ್ಮವನ್ನು ನನ್ನದೇ ಹೊಲಿಗೆ ಮಿಷನ್ನಿನಲ್ಲಿ ಕೂರಿಸಿದಿರಿ. ಅದರೊಳಗಿಂದಲೇ ಈ ಪತ್ರವನ್ನು, ರಿಪೇರಿಗೆಂದು ಬಂದ ತಮ್ಮಿಬ್ಬರ ಇಲಾಖೆಯ ಕೋಟುಗಳ ಬೆನ್ನಿನ ಮೇಲೆ ಕೆಂಪು ದಾರದಲ್ಲಿ ಹೊಲಿಯುತ್ತಿದ್ದೇನೆ. ಮೊದಲರ್ಧ ಯಜಮಾನರ ಬೆನ್ನಿಗೆ, ಉಳಿದದ್ದು ಅಮ್ಮಾವ್ರ ಬೆನ್ನಿಗೆ. ಹೀಗಾಗಿ ಇದು ಬಹಿರಂಗ ಪತ್ರವೇ ಆಯಿತು, ದಾರಿಯಲ್ಲಿ ಹೋಗುವವರೆಲ್ಲ ಓದಿಕೊಳ್ಳಲಿ.

ಅಂಥ ದಾರಿಹೋಕರ ಸಲುವಾಗಿ ನಡೆದದ್ದನ್ನು ಸಂಕ್ಷಿಪ್ತವಾಗಿ ನಿವೇದಿಸುತ್ತೇನೆ. ಹೊಸ ಅಂಗಿ ತೊಟ್ಟು ಕನ್ನಡಿಯ ಮುಂದೆ ಕುತ್ತಿಗೆಯ ಗುಂಡಿ ಹಾಕಿಕೊಂಡೆ. ಅದು ಮಂತ್ರಿಸಿದ ಗುಂಡಿ. ಹಾಕಿದ್ದೇ ತಡ ಕಾಲರು ಬಿಗಿಯುತ್ತಾ ಹೋಯಿತು, ಮೂವತ್ತು ವರ್ಷ ಊರಿನ ಕುತ್ತಿಗೆಗಳನ್ನೆಲ್ಲ ಅಳೆದ ನಾನು ನನ್ನ ಕುತ್ತಿಗೆಯ ಅಳತೆ ತಪ್ಪಿ ಸತ್ತೆ. ಆ ಗುಂಡಿಯನ್ನು ಹೊಲಿದಿದ್ದು ನನ್ನ ಅಕ್ಕ. ಅದೊಂದೇ ಕಾರಣಕ್ಕೆ ಅವಳನ್ನು ಹಿಡಿದು ಲಾಕಪ್ಪಿಗೆ ಹಾಕಿದ್ದೀರಿ. ನಾಳೆ ಹನ್ನೊಂದು ಗಂಟೆಗೆ ತೀರ್ಪು. ಅಷ್ಟರೊಳಗೆ ನನ್ನ ಸಾಕ್ಷಿ ದಾಖಲಾಗದಿದ್ದರೆ ಅವಳನ್ನು ಕಲ್ಲುಕಂಬ ಮಾಡಿ ನ್ಯಾಯಾಲಯದ ಮೆಟ್ಟಿಲ ಪಕ್ಕ ನಿಲ್ಲಿಸುತ್ತಾರೆ. ಆದರೆ ತಮ್ಮ ಇಲಾಖೆಯ ನಿಯಮವೇನು? ಸತ್ತವನ ಮಾತನ್ನು ಗಂಡ ಹೆಂಡತಿ ಇಬ್ಬರೂ ಒಂದೇ ಹೊತ್ತಿಗೆ ಮಿಷನ್ನಿನ ಮೇಲೆ ಕೈಯಿಟ್ಟು ಕೇಳಿದರೆ ಮಾತ್ರ ಅದು ಸಾಕ್ಷಿ. ಒಬ್ಬರೇ ಕೇಳಿದರೆ ಬರೀ ಮಾತು, ಹೊಲಿದು ಕೊಟ್ಟರೆ ಬರೀ ಬಟ್ಟೆ.

ಮೊದಲ ದಿನ ತಾವಿಬ್ಬರೂ ಕೈಯಿಟ್ಟಿದ್ದಿರಿ. ನಾನು ಗಂಟಲು ಸರಿಮಾಡಿಕೊಂಡು, "ನನ್ನನ್ನು ಕೊಂದವರು" ಎಂಬಲ್ಲಿಯವರೆಗೆ ಬಂದಿದ್ದೆ. ಅಷ್ಟರಲ್ಲಿ ಯಜಮಾನರು ನನ್ನ ಹೆಣವನ್ನು ನೋಡಿ, "ಪುಣ್ಯವಂತ ಕಣಯ್ಯಾ ನೀನು, ಮದುವೆ ಆಗ್ದೇನೇ ಸತ್ತೆ" ಎಂದು ಅಪ್ಪಣೆ ಕೊಡಿಸಿದರು. ಅಮ್ಮಾವ್ರು, "ಓಹೋ, ಹಾಗಾದ್ರೆ ಪುಣ್ಯವಂತರಿಬ್ರೂ ಕೂತು ಮಾತಾಡ್ಕೊಳ್ಳಿ" ಎಂದು ಕೈ ತೆಗೆದವರು ಇವತ್ತಿನವರೆಗೂ ಯಜಮಾನರ ಜೊತೆ ಕೈಯಿಟ್ಟಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು ಕೇಳಿದ್ದೆ. ಹೆಣ ಬಡವಾದದ್ದು ಬಹುಶಃ ಇದೇ ಮೊದಲು.

ಆದರೂ ತಮ್ಮ ಕರ್ತವ್ಯನಿಷ್ಠೆಯನ್ನು ಹೊಗಳದೆ ಇರಲಾರೆ. ಯಜಮಾನರು ದಿನಾ ಬೆಳಿಗ್ಗೆ ತಪ್ಪದೆ ಬರುತ್ತಾರೆ, ಅಮ್ಮಾವ್ರು ದಿನಾ ಸಂಜೆ ತಪ್ಪದೆ ಬರುತ್ತಾರೆ. ಪಕ್ಕದ ಗುಂಡಿ ಅಂಗಡಿಯವನೇ ನನ್ನನ್ನು ಕೊಂದದ್ದು, ಎರಡು ರಸ್ತೆಗೆ ಬಾಗಿಲಿರುವ ನನ್ನ ಮೂಲೆಯಂಗಡಿಯ ಮೇಲೆ ಅವನಿಗೆ ಹತ್ತು ವರ್ಷದಿಂದ ಕಣ್ಣು, ಮಂತ್ರದ ಗುಂಡಿಯನ್ನು ಅಕ್ಕನ ಕೈಗೆ ಕೊಟ್ಟವನು ಅವನೇ ಎಂದು ಇಬ್ಬರಿಗೂ ಹತ್ತೊಂಬತ್ತು ಹತ್ತೊಂಬತ್ತು ಸಲ ಹೇಳಿದ್ದೇನೆ. ಯಜಮಾನರು, "ಅದು ಗೊತ್ತಾಯ್ತಪ್ಪಾ, ಮೊದಲು ಅವಳು ತಾನಾಗೇ ಬರ್ಲಿ" ಎನ್ನುತ್ತಾರೆ. ಅಮ್ಮಾವ್ರು, "ಅವ್ರು ತಪ್ಪಾಯ್ತು ಅನ್ನೋವರೆಗೂ ನಾನಿರೋ ಕಡೆ ಅವ್ರು, ಅವ್ರಿರೋ ಕಡೆ ನಾನು ಇರಲ್ಲ" ಎನ್ನುತ್ತಾರೆ. ಆಮೇಲೆ ಇಬ್ಬರೂ ನನ್ನ ಮುಂದೆ ಮನೆಯ ಪುರಾಣ ಬಿಚ್ಚುತ್ತಾರೆ. ಕೊಲೆಯಾದವನು ನಾನು, ಒದ್ದೆ ಟವೆಲು ಹಾಸಿಗೆಯ ಮೇಲೆ ಎಸೆಯುವವರು ಯಾರು ಎಂಬ ತನಿಖೆ ಮಾತ್ರ ಸಂಪೂರ್ಣವಾಗಿ ಮುಗಿದಿದೆ.

ಇನ್ನು ಪರಸ್ಪರ ಮಾತು ಬಿಟ್ಟ ಮೇಲೆ ಸುದ್ದಿ ಮುಟ್ಟಿಸಲು ಒಬ್ಬ ಮನುಷ್ಯ ಬೇಕಲ್ಲ? ಅದಕ್ಕೆ ತಾವು ಆರಿಸಿಕೊಂಡ ಮಹಾನುಭಾವ ಯಾರೆಂದರೆ, ಅದೇ ಗುಂಡಿ ಅಂಗಡಿಯವನು. ಸಾಬೀತಾಗುವ ತನಕ ಅವನೂ ಸಜ್ಜನನೇ ಎಂಬ ತಮ್ಮ ನ್ಯಾಯಬುದ್ಧಿಗೆ ತಲೆದೂಗಬೇಕು, ತಲೆ ಇದ್ದಿದ್ದರೆ ತೂಗುತ್ತಿದ್ದೆ. ಅವನು ಇಬ್ಬರಿಗೂ ಟೀ ಕೊಡುತ್ತಾನೆ, ಇಬ್ಬರಿಗೂ "ನೀವಾದ್ದರಿಂದ ಸಹಿಸ್ಕೊಂಡಿದೀರಿ" ಎನ್ನುತ್ತಾನೆ. "ಊಟಕ್ಕೆ ಕಾಯ್ಬೇಡ ಅಂತ ಹೇಳ್ಬಿಡಿ" ಎಂದು ಬೆಳಿಗ್ಗೆ ಹೊರಟ ಮಾತು, ಉಪ್ಪು ಖಾರ ಹಚ್ಚಿಸಿಕೊಂಡು ಸಂಜೆ ಅಮ್ಮಾವ್ರಿಗೆ ಮುಟ್ಟುವಾಗ "ಅವಳ ಅಡುಗೆ ತಿನ್ನೋ ಕರ್ಮ ಇವತ್ತಿಗೆ ತಪ್ತು" ಎಂದಾಗಿರುತ್ತದೆ. ನಡುಗೋಡೆ ತೆಳು, ನನಗೆ ಎಲ್ಲವೂ ಕೇಳಿಸುತ್ತದೆ. ತಮ್ಮ ಜಗಳ ಎಷ್ಟು ದಿನ ಬಾಳುತ್ತದೋ ಅವನೂ ಅಷ್ಟು ದಿನ ಬಾಳುತ್ತಾನೆ ಎಂಬುದನ್ನು ಎಲ್ಲವನ್ನೂ ಪತ್ತೆ ಮಾಡುವ ತಾವೇ ಪತ್ತೆ ಮಾಡಲಿಲ್ಲವಲ್ಲ, ಸ್ವಾಮಿ!

ಆದಕಾರಣ ನನ್ನ ಕೆಲವು ಕೋರಿಕೆಗಳನ್ನು ಪರಿಶೀಲಿಸಬೇಕು. ತಮ್ಮ ಜಗಳಕ್ಕೆ ಹತ್ತು ನಿಮಿಷದ ರಜೆ ಮಂಜೂರು ಮಾಡಿಸಿಕೊಳ್ಳಬಹುದು. ಅದು ಘನತೆಗೆ ಕುಂದು ಎನಿಸಿದರೆ, ಬೆಳಿಗ್ಗೆ ವಿಚ್ಛೇದನ ಪಡೆದು, ಮುಖಪರಿಚಯವೇ ಇಲ್ಲದವರಂತೆ ಮತ್ತೆ ಮದುವೆಯಾಗಿ, ಹಳೆಯದೇನೂ ನೆನಪಿಗೆ ಬರುವ ಮೊದಲೇ ನನ್ನ ಮೇಲೆ ಕೈಯಿಡಬಹುದು. ಇಲ್ಲವೇ ಪರಸ್ಪರ ಮಾತಾಡಿಕೊಂಡು ಚೆನ್ನಾಗಿರುವ ಬೇರೊಂದು ದಂಪತಿಯನ್ನು ಎರವಲು ತರಿಸಿ. ಅಂಥವರು ಸಿಗುವುದು ಕಷ್ಟ, ಬಲ್ಲೆ.

ತಮಾಷೆ ಸಾಕು. ನನ್ನ ಕಣ್ಣು ಮಂಜಾದಾಗಿನಿಂದ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವಳು ಅಕ್ಕ. ಬೆಳಿಗ್ಗೆ ಹನ್ನೆರಡು ಸೂಜಿಗೆ ಪೋಣಿಸಿ ದಿಂಬಿಗೆ ಚುಚ್ಚಿಟ್ಟು, "ಸಂಜೆವರೆಗೂ ಸಾಕೇನೋ?" ಎಂದು ಕೇಳಿಯೇ ಒಳಗೆ ಹೋಗುತ್ತಿದ್ದಳು. ಮೊನ್ನೆ ಲಾಕಪ್ಪಿಗೆ ಹೋಗಿಬಂದ ಅಮ್ಮಾವ್ರೇ ಹೇಳಿದರು: ಅವಳು ತನ್ನ ಬಿಡುಗಡೆಯ ಮಾತೇ ಎತ್ತದೆ, "ನನ್ನ ತಮ್ಮನ ಮಿಷನ್‌ಗೆ ಎಣ್ಣೆ ಹಾಕ್ತಿದೀರಾ?" ಎಂದು ಕೇಳಿದಳಂತೆ. ಹಾಕಿಲ್ಲ, ಮಾನ್ಯರೇ. ಅವಳು ಬಂದೇ ಹಾಕಲಿ ಎಂದು ಕಿರುಗುಡುತ್ತಾ ಕಾಯುತ್ತಿದ್ದೇನೆ. ನಾನು ಹೇಗೂ ಸತ್ತಾಯಿತು, ನನ್ನ ಚಿಂತೆ ಬೇಡ. ಅವಳು ಕಲ್ಲಾಗುವುದನ್ನು ಮಾತ್ರ ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ.

ಹಾಗಾಗಿ ತಮ್ಮ ಒಪ್ಪಿಗೆ ಕೇಳದೆ ಸಣ್ಣದೊಂದು ಕೆಲಸ ಮಾಡಿದ್ದೇನೆ, ಕ್ಷಮೆಯಿರಲಿ. ಯಜಮಾನರ ಕೋಟಿನ ಬಲತೋಳಿನ ತುದಿಯನ್ನು ಅಮ್ಮಾವ್ರ ಕೋಟಿನ ಎಡತೋಳಿನ ತುದಿಗೆ ಸೇರಿಸಿ ಜೋಡಿಹೊಲಿಗೆ ಹಾಕಿದ್ದೇನೆ. ಕೋಟಿಲ್ಲದೆ ನ್ಯಾಯಾಲಯದ ಒಳಗೆ ಬಿಡುವುದಿಲ್ಲ, ತಮ್ಮ ಬಳಿ ಬೇರೆ ಕೋಟಿಲ್ಲ. ತಾವು ಜೋಡಿಯಾಗಿ ಹೇಳಿದ ಮಂತ್ರದ ಬಲದಿಂದಲೇ ಈ ಮಿಷನ್ನು ಓಡುತ್ತಿರುವುದರಿಂದ, ಈ ಹೊಲಿಗೆಯೂ ತಾವು ಜೋಡಿಯಾಗಿ ಹೇಳಿದರೆ ಮಾತ್ರ ಬಿಚ್ಚುತ್ತದೆ. ಕತ್ತರಿ ನಡೆಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ತೊಟ್ಟುಕೊಂಡ ಮೇಲೆ ಆ ಎರಡು ಕೈಗಳನ್ನು ನನ್ನ ಮೇಲಿಡಿ. ತಪ್ಪಾಯಿತು ಎನ್ನಬೇಕಾಗಿಲ್ಲ, ಮುಖ ನೋಡಬೇಕಾಗಿಯೂ ಇಲ್ಲ. ನಾನು ಒಂದೇ ವಾಕ್ಯದಲ್ಲಿ ಮುಗಿಸುತ್ತೇನೆ.

ಸತ್ತ ಮೇಲೂ, ಬೇರೆ ದಾರಿಯಿಲ್ಲದೆ,
ತಮ್ಮ ವಿಶ್ವಾಸಿ,
ಮೂಲೆಯಂಗಡಿಯ ದರ್ಜಿ

ತಾ.ಕ.: ತಮ್ಮ ಕೋಟುಗಳ ಕುತ್ತಿಗೆಗೆ ಹಾಕಲೆಂದು ಗುಂಡಿ ಅಂಗಡಿಯವನು ಎರಡು ಹೊಸ ಗುಂಡಿಗಳನ್ನು ಉಡುಗೊರೆಯಾಗಿ ಕಳಿಸಿದ್ದ, ನನ್ನ ಅಂಗಿಯಲ್ಲಿದ್ದಂಥವೇ. ಹೊಲಿದಿಲ್ಲ, ಮಿಷನ್ನಿನ ಡ್ರಾಯರಿನಲ್ಲಿವೆ, ವಸ್ತುಸಾಕ್ಷಿಗೆ ಒದಗುತ್ತವೆ. ಹೊಲಿಯಲೋ ಬೇಡವೋ ಎಂದು ಅರ್ಧ ಗಂಟೆ ಯೋಚಿಸಿದ್ದು ನಿಜ, ಮುಚ್ಚಿಡುವುದಿಲ್ಲ. ಆದರೆ ತಾವು ಸತ್ತರೆ ಸಾಕ್ಷಿ ಹೇಳಿಸಲು ತಮ್ಮಿಬ್ಬರನ್ನೂ ತಂದು ಇದೇ ಮಿಷನ್ನಿನೊಳಗೆ, ನನ್ನ ಪಕ್ಕದಲ್ಲೇ ಕೂರಿಸಿಬಿಟ್ಟರೆ ಏನು ಗತಿ ಎಂದು ಹೊಳೆಯಿತು. ತಮ್ಮ ಪ್ರಾಣ ಉಳಿದದ್ದು ಆ ಒಂದು ಭಯಕ್ಕೆ.